ಅಲ್ಗಾರಿದಮ್‌ಗಿಂತ ಮೊದಲು ಚಾಟ್ನಿ ತಾರೀಖು

ಪ್ರಶ್ನೆ: ಸರ್, ನಾವು ಮೂರು ಮಂದಿ ಗೆಳೆಯರು ಕೂಡಿ ದ್ರಾಕ್ಷಿ, ದಾಳಿಂಬೆ ಬೆಳೆಗಾರರಿಗಂತ ಒಂದು ಆ್ಯಪ್ ಮಾಡೀವ್ರಿ. ರೈತರು ಎಲಿ ಫೋಟೊ ಹಾಕಿ ಪ್ರಶ್ನೆ ಕೇಳ್ತಾರ, ಉಳಿದವರು ಉತ್ತರ ಕೊಡ್ತಾರ. ತಿಕೋಟಾ, ಬಬಲೇಶ್ವರ, ಅಥಣಿ, ಜಮಖಂಡಿ ಕಡಿಂದ 4,200 ಮಂದಿ ಇನ್‌ಸ್ಟಾಲ್ ಮಾಡ್ಯಾರ. ಆದ್ರ ದಿನಾ ತೆರೆಯೋರು 300 ಮಂದಿ ಅಷ್ಟ. ಈಗ ಹೊಸಾ ಪೋಸ್ಟ್ ಮ್ಯಾಲೆ ಬರೂ ಹಂಗ ಇಟ್ಟೀವಿ. ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ನಾಗ ಇದ್ದಂಥ ಅಲ್ಗಾರಿದಮ್ ಹಾಕಿದ್ರ ಮಂದಿ ಹೆಚ್ಚು ಹೊತ್ತು ಇರ್ತಾರಂತಾರ. ಯಾವುದು ಹಾಕಬೇಕು, ಎಲ್ಲಿಂದ ಸುರು ಮಾಡಬೇಕು? – ಓದುಗರೊಬ್ಬರು, ವಿಜಯಪುರ

ಉತ್ತರ: ‘ಹೆಚ್ಚು ಹೊತ್ತು ಇರ್ತಾರ’ ಅನ್ನುವ ಗುರಿಯನ್ನೇ ಮೊದಲು ಕೈಬಿಡಿ. ಒಬ್ಬ ರೈತ ಎಲೆಯ ಹಿಂಬದಿ ಬಿಳಿ ಬೂಷ್ಟು ಕಂಡು ಫೋಟೊ ಹಾಕಿದ ಎನ್ನೋಣ. ಒಂದು ತಾಸಿನಲ್ಲಿ ಸರಿಯಾದ ಉತ್ತರ ಸಿಕ್ಕರೆ ಅವನು ಪಂಪು ತಗೊಂಡು ತೋಟಕ್ಕೆ ಹೋಗುತ್ತಾನೆ. ಆ್ಯಪ್‌ನಲ್ಲಿ ಕಳೆದದ್ದು ಎರಡೋ ಮೂರೋ ನಿಮಿಷ. ಉತ್ತರ ಸಿಗದಿದ್ದವನು ಮಾತ್ರ ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಾನೆ, ಕೆಳಗೆ ಸರಿಸುತ್ತಾನೆ, ಮತ್ತೆ ಮೇಲೆ ಬರುತ್ತಾನೆ. ನಿಮ್ಮ ಡ್ಯಾಶ್‌ಬೋರ್ಡ್‌ನ ಲೆಕ್ಕದಲ್ಲಿ ಈ ಎರಡನೆಯವನೇ ಒಳ್ಳೆಯ ಬಳಕೆದಾರ. ಆದರೆ ಮರುದಿನ ಆ್ಯಪ್ ತೆಗೆದುಹಾಕುವವನೂ ಅವನೇ.

ಆದ್ದರಿಂದ ಎರಡು ಅಂಕಿ ಇಟ್ಟುಕೊಳ್ಳಿ. ಒಂದು, ಕೇಳಿದ ಪ್ರಶ್ನೆಗಳಲ್ಲಿ ಆರು ತಾಸಿನೊಳಗೆ ‘ಉಪಯೋಗ ಆತು’ ಎಂದು ಕೇಳಿದವರೇ ಒತ್ತಿದ ಉತ್ತರ ಪಡೆದವು ಶೇಕಡಾ ಎಷ್ಟು. ಇನ್ನೊಂದು, ಈ ವಾರ ಬಂದವರಲ್ಲಿ ಮುಂದಿನ ನಾಲ್ಕು ವಾರದೊಳಗೆ ಮರಳಿ ಬಂದವರು ಎಷ್ಟು. ದಿನದ ಲೆಕ್ಕ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿದ ಮೇಲೆ ಬೆಳೆಗಾರ ದಿನಾ ಆತಂಕದಲ್ಲಿ ಇರುತ್ತಾನೆ. ಹಣ್ಣು ಕಡಿದು ಶೆಡ್ಡಿಗೆ ಹಾಕಿ ಮಣೂಕ (ಒಣದ್ರಾಕ್ಷಿ) ಒಣಗಿಸುವಾಗ ಅವನ ಪ್ರಶ್ನೆಗಳೇ ಬೇರೆ, ಅವೂ ಕಡಿಮೆ. 4,200ರಲ್ಲಿ 300 ಅಂದರೆ ಶೇ 7. ಇದು ಯಾವ ತಿಂಗಳ ಅಂಕಿ ಅನ್ನುವುದರ ಮೇಲೆ ಅದು ಚಿಂತೆಯ ಮಾತೋ ಅಲ್ಲವೋ ಗೊತ್ತಾಗುತ್ತದೆ.

ದೊಡ್ಡ ಕಂಪನಿಗಳ ಅನುಭವವೂ ಇದನ್ನೇ ಹೇಳುತ್ತದೆ. ಯೂಟ್ಯೂಬ್ ಮೊದಲು ವ್ಯೂ ಎಣಿಸುತ್ತಿತ್ತು. ಕಣ್ಸೆಳೆಯುವ ಚಿತ್ರ ಅಂಟಿಸಿ ಒಳಗೆ ಏನೂ ಇಲ್ಲದ ವಿಡಿಯೊಗಳು ಮೇಲೆ ಬಂದವು. 2012ರಲ್ಲಿ ಎಣಿಕೆಯನ್ನು ನೋಡಿದ ಸಮಯಕ್ಕೆ ಬದಲಿಸಿದರು. ಆಗ ಎಳೆದೆಳೆದು ಉದ್ದ ಮಾಡಿದ ವಿಡಿಯೊಗಳಿಗೆ ಲಾಭ ಆಯಿತು. ಆಮೇಲೆ ‘ಈ ವಿಡಿಯೊ ಹಿಡಿಸಿತೇ’ ಎಂದು ನೋಡುಗರನ್ನೇ ಕೇಳುವ ಸಮೀಕ್ಷೆಯನ್ನೂ ಲೆಕ್ಕಕ್ಕೆ ಸೇರಿಸಬೇಕಾಯಿತು. ಫೇಸ್‌ಬುಕ್ 2017ರಲ್ಲಿ ಎಮೋಜಿ ಪ್ರತಿಕ್ರಿಯೆಗೆ ಲೈಕಿನ ಐದು ಪಟ್ಟು ತೂಕ ಕೊಟ್ಟಿತು. ಸಿಟ್ಟಿನ ಮುಖವೂ ಅದರಲ್ಲಿ ಒಂದು. ಸಿಟ್ಟು ತರಿಸುವ ಪೋಸ್ಟ್ ಮೇಲೇರಿತು. 2020ರಲ್ಲಿ ಆ ಒಂದು ಮುಖದ ತೂಕವನ್ನು ಸೊನ್ನೆಗೆ ಇಳಿಸಿದರು. ಎರಡೂ ಕಡೆ ಗಣಿತ ಸರಿಯೇ ಇತ್ತು. ತಪ್ಪಿದ್ದು ಎಣಿಸಲು ಆರಿಸಿಕೊಂಡ ವಸ್ತು.

ಇನ್ನು ‘ಯಾವುದು ಹಾಕಬೇಕು’ ಎಂಬ ಮಾತು. ಯೂಟ್ಯೂಬ್‌ನ ಎಂಜಿನಿಯರುಗಳು 2016ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಹಂತಗಳಿವೆ. ಲಕ್ಷಾಂತರ ವಿಡಿಯೊಗಳಿಂದ ಕೆಲವು ನೂರನ್ನು ಸೋಸಿ ತೆಗೆಯುವ ನರಜಾಲ (ಉದಾಹರಣೆಗಳಿಂದ ತಾನೇ ಕಲಿಯುವ ಪ್ರೋಗ್ರಾಂ) ಒಂದು. ಆ ನೂರನ್ನು ಅಂಕ ಹಾಕಿ ಜೋಡಿಸುವ ನರಜಾಲ ಇನ್ನೊಂದು. ನಿಮ್ಮಲ್ಲಿ ದಿನಕ್ಕೆ ಅರವತ್ತೋ ಎಂಬತ್ತೋ ಪೋಸ್ಟ್ ಬರುತ್ತಿರಬಹುದು. ಮೊದಲನೇ ಹಂತವೇ ನಿಮಗೆ ಬೇಡ. ಒಂದು ಗಾಣಕ್ಕೆ ಸಾಲದಷ್ಟು ಕಬ್ಬು ಇಟ್ಟುಕೊಂಡು ಸಕ್ಕರೆ ಕಾರ್ಖಾನೆ ಕಟ್ಟಬಾರದು. ಸೋಸಲು ಎರಡು ಸಾಲಿನ ಕ್ವೆರಿ (ದತ್ತಾಂಶದಿಂದ ಬೇಕಾದದ್ದನ್ನು ಕೇಳಿ ಪಡೆಯುವ ಆದೇಶ) ಸಾಕು, ಜೋಡಿಸಲು ಒಂದು ಸೂತ್ರ ಸಾಕು.

ಸೂತ್ರಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ, ಬಹಳ ತಂಡಗಳು ಇಲ್ಲೇ ಎಡವುತ್ತವೆ. ಒತ್ತಿದ್ದನ್ನು ಮಾತ್ರ ದಾಖಲಿಸುತ್ತಾರೆ, ತೋರಿಸಿದ್ದನ್ನು ದಾಖಲಿಸುವುದಿಲ್ಲ. 40 ಮಂದಿ ಒತ್ತಿದ್ದಾರೆ ಅಂದರೆ 50 ಮಂದಿಗೆ ತೋರಿಸಿ 40 ಆಯಿತೋ, 2,000 ಮಂದಿಗೆ ತೋರಿಸಿ 40 ಆಯಿತೋ? ಕಾರ್ಡಿನ (ಪರದೆಯಲ್ಲಿ ಒಂದು ಪೋಸ್ಟ್ ಕಾಣುವ ಚೌಕದ) ಅರ್ಧ ಭಾಗ ಕನಿಷ್ಠ ಒಂದು ಸೆಕೆಂಡ್ ಪರದೆಯ ಮೇಲಿದ್ದರೆ ‘ಕಂಡಿತು’ ಎಂದು ಒಂದು ಸಾಲು ಬರೆಯಿರಿ. ಯಾರಿಗೆ, ಯಾವ ಪೋಸ್ಟ್, ಎಷ್ಟನೇ ಸ್ಥಾನದಲ್ಲಿ, ಸೂತ್ರದ ಎಷ್ಟನೇ ಆವೃತ್ತಿ, ಎಷ್ಟು ಹೊತ್ತಿಗೆ ಎಂಬ ಐದು ಅಂಶ ಅದರಲ್ಲಿರಲಿ. ಸ್ಥಾನ ಬೇಕೇ ಬೇಕು. ಮೊದಲನೇ ಜಾಗದಲ್ಲಿ ಏನನ್ನಿಟ್ಟರೂ ಜನ ಒತ್ತುತ್ತಾರೆ. ಅದನ್ನು ಕಳೆಯದಿದ್ದರೆ, ಮೇಲಿದ್ದದ್ದು ಒಳ್ಳೆಯದೆಂದು ಲೆಕ್ಕ ಹೇಳುತ್ತದೆ, ಒಳ್ಳೆಯದೆಂದು ನೀವು ಅದನ್ನೇ ಮತ್ತೆ ಮೇಲಿಡುತ್ತೀರಿ. ನೂರಕ್ಕೆ ಎರಡು ಮೂರು ಸಲ ಮೇಲಿನ ಐದು ಕಾರ್ಡುಗಳನ್ನು ಕಲಸಿ ತೋರಿಸಿದರೆ ಆ ಜಾಗದ ಬೆಲೆ ಎಷ್ಟೆಂದು ತಿಳಿಯುತ್ತದೆ.

ನಮ್ಮ ಕಡೆಯ ಇನ್ನೊಂದು ತೊಡಕು, ಬೋರಿನ ಹತ್ತಿರ ನೆಟ್‌ವರ್ಕ್ ಇರುವುದಿಲ್ಲ. ಘಟನೆಗಳು ಫೋನಿನಲ್ಲೇ ಕೂತು, ಊರಿಗೆ ಬಂದ ಮೇಲೆ ಒಟ್ಟಿಗೆ ಸರ್ವರ್ ಸೇರುತ್ತವೆ, ಕೆಲವು ಎರಡೆರಡು ಸಲ. ಪ್ರತಿ ಘಟನೆಗೂ ಫೋನಿನಲ್ಲೇ ಒಂದು ಗುರುತಿನ ಸಂಖ್ಯೆ ಹುಟ್ಟಿಸಿ, ಸರ್ವರ್‌ನಲ್ಲಿ ಅದೇ ಸಂಖ್ಯೆ ಎರಡನೇ ಸಲ ಬಂದರೆ ಬಿಟ್ಟುಬಿಡಿ. ಫೋನಿನ ಗಡಿಯಾರವನ್ನು ಪೂರ್ತಿ ನಂಬಬೇಡಿ. ಕಳಿಸುವಾಗ ಫೋನಿನ ಹೊತ್ತು, ತಲುಪಿದಾಗ ಸರ್ವರ್‌ನ ಹೊತ್ತು ಎರಡನ್ನೂ ಇಟ್ಟು ವ್ಯತ್ಯಾಸ ಕಳೆಯಿರಿ. ನಿಮ್ಮ ಮೂವರ ಫೋನುಗಳನ್ನು ಲೆಕ್ಕದಿಂದ ಹೊರಗಿಡಿ. ನಗಬೇಡಿ, 300ರಲ್ಲಿ ಮೂವರು ದಿನವಿಡೀ ಪರೀಕ್ಷೆ ಮಾಡುತ್ತ ಕೂತರೆ ಅಂಕಿ ಕಣ್ಣಿಗೆ ಕಾಣುವಷ್ಟು ಅಲ್ಲಾಡುತ್ತದೆ.

ಈಗ ಸೂತ್ರ. ತಂತ್ರಜ್ಞಾನ ಸುದ್ದಿಯ ಜಾಲತಾಣ ಹ್ಯಾಕರ್ ನ್ಯೂಸ್ ಬಳಸಿದ ಹಳೆಯ ಸೂತ್ರ ಸರಳ: ಬಂದ ಅಂಕದಲ್ಲಿ ಒಂದು ಕಳೆದು, ಪೋಸ್ಟಿನ ವಯಸ್ಸಿಗೆ (ತಾಸುಗಳಲ್ಲಿ) ಎರಡು ಕೂಡಿಸಿ, ಅದರ 1.8ನೇ ಘಾತದಿಂದ ಭಾಗಿಸುವುದು. ಒಂದು ತಾಸಿನ ಹಿಂದಿನ, 5 ಅಂಕದ ಪೋಸ್ಟಿಗೆ 4 ಭಾಗಿಸು 7.2, ಸುಮಾರು 0.55 ಬರುತ್ತದೆ. ಹತ್ತು ತಾಸಿನ ಹಿಂದಿನ, 40 ಅಂಕದ ಪೋಸ್ಟಿಗೆ 39 ಭಾಗಿಸು 87.6, ಸುಮಾರು 0.45. ಅಂದರೆ ಬೆಳಿಗ್ಗೆ ನಲವತ್ತು ಮಂದಿ ಮೆಚ್ಚಿದ್ದನ್ನು ಸಂಜೆಯ ಐದು ಅಂಕದ್ದು ಕೆಳಗೆ ತಳ್ಳುತ್ತದೆ. ಸುದ್ದಿಗೆ ಇದು ಸರಿ, ಬೆಳೆಗೆ ಅಲ್ಲ. ಘಾತವನ್ನು 1.2ಕ್ಕೆ ಇಳಿಸಿ ನೋಡಿ: ಮೊದಲನೆಯದು 1.07, ಎರಡನೆಯದು 1.98. ಬೆಳಗಿನ ಒಳ್ಳೆಯ ಉತ್ತರ ರಾತ್ರಿ ಊಟ ಆದಮೇಲೆ ಫೋನ್ ಹಿಡಿಯುವವನಿಗೂ ಕಾಣುತ್ತದೆ. ನಿಮ್ಮಲ್ಲಿ ಜನ ಯಾವ ಹೊತ್ತಿಗೆ ತೆರೆಯುತ್ತಾರೆ ಎಂಬುದನ್ನು ನೋಡಿ ಈ ಒಂದು ಅಂಕಿಯನ್ನು ಹೊಂದಿಸಿ.

ಅಂಕ ಎಂದರೆ ಏನು ಎಂಬುದೇ ನಿಜವಾದ ತೀರ್ಮಾನ. ಟ್ವಿಟರ್ 2023ರ ಮಾರ್ಚ್ 31ರಂದು ತನ್ನ ಶಿಫಾರಸಿನ ಕೋಡನ್ನು ಬಹಿರಂಗಪಡಿಸಿತು. ತೂಕದ ಪಟ್ಟಿಯೂ ಹೊರಬಂತು. ಲೈಕಿಗೆ 0.5, ರೀಟ್ವೀಟಿಗೆ 1, ಉತ್ತರಕ್ಕೆ 13.5, ಆ ಉತ್ತರಕ್ಕೆ ಮೂಲ ಬರೆದವರೇ ಸ್ಪಂದಿಸಿದರೆ 75, ‘ಇಂಥದ್ದು ಬೇಡ’ ಎಂಬಂಥ ಪ್ರತಿಕ್ರಿಯೆಗೆ ಮೈನಸ್ 74, ರಿಪೋರ್ಟ್ ಮಾಡಿದರೆ ಮೈನಸ್ 369. ಒಂದೊಂದೂ ಆಗುವ ಸಂಭವ ಎಷ್ಟೆಂದು ನರಜಾಲ ಊಹಿಸುತ್ತದೆ, ಆ ಸಂಭವವನ್ನು ತೂಕದಿಂದ ಗುಣಿಸಿ ಕೂಡಿಸುತ್ತಾರೆ. ಈ ಅಂಕಿಗಳನ್ನು ನಕಲು ಮಾಡಬೇಡಿ, ಅವುಗಳ ಅಂತರ ನೋಡಿ. ಲೈಕ್ ಸೋವಿ, ಮಾತುಕತೆ ತುಟ್ಟಿ, ಅಸಮಾಧಾನ ಎಲ್ಲಕ್ಕಿಂತ ತುಟ್ಟಿ.

ನಿಮಗೆ ಶುರುಮಾಡಲು ಹೀಗೆ ಇಟ್ಟುಕೊಳ್ಳಬಹುದು: ಲೈಕ್ 0.5, ವಾಟ್ಸ್ಆ್ಯಪ್‌ಗೆ ಕಳಿಸಿದರೆ 2, ‘ನನ್ನ ತೋಟದಾಗೂ ಇದ ಐತಿ’ ಎಂಬ ಬಟನ್ ಒಂದು ಇಡಿ, ಅದಕ್ಕೆ 3, ಉಳಿಸಿಕೊಂಡರೆ 3, ಉತ್ತರ ಬಂದರೆ 4, ಕೇಳಿದವರೇ ‘ಉಪಯೋಗ ಆತು’ ಎಂದರೆ 10, ‘ತಪ್ಪು ಮಾಹಿತಿ’ ಎಂದು ಒಬ್ಬರು ಒತ್ತಿದರೆ ಮೈನಸ್ 40. ಲೈಕಿಗೆ ಹೆಚ್ಚು ಕೊಟ್ಟರೆ ಏನಾಗುತ್ತದೆಂದು ಈಗಲೇ ಹೇಳಬಹುದು: ಮೂರು ವಾರದಲ್ಲಿ ಆ್ಯಪ್ ತುಂಬ ಗುಲಾಬಿ ಹೂವಿನ ‘ಶುಭೋದಯ’, ಹಬ್ಬದ ಶುಭಾಶಯ, ಟ್ರ್ಯಾಕ್ಟರ್ ಪೂಜೆಯ ಫೋಟೊ. ಅವು ಕೆಟ್ಟವಲ್ಲ, ಆದರೆ ಅವಕ್ಕೆ ವಾಟ್ಸ್ಆ್ಯಪ್ ಗ್ರೂಪ್ ಇದೆ.

ಈ ಸೂತ್ರಕ್ಕೆ ಒಂದು ದೊಡ್ಡ ಕುರುಡು ಇದೆ. ಯಾರೂ ಮುಟ್ಟದ ಪ್ರಶ್ನೆಗೆ ಅಂಕ ಸೊನ್ನೆ, ಅಂಕ ಸೊನ್ನೆಯಾದ್ದರಿಂದ ಯಾರಿಗೂ ಕಾಣದು. ಉತ್ತರ ಸಿಗದೆ ಹೋದವನು ಮರಳಿ ಬರುವುದಿಲ್ಲ ಎಂದಮೇಲೆ ನಿಮ್ಮ ನಷ್ಟವೆಲ್ಲ ಇಲ್ಲೇ ಇದೆ. ಪ್ರತಿ ನಾಲ್ಕನೇ ಜಾಗವನ್ನು ಉತ್ತರವಿಲ್ಲದ ಪ್ರಶ್ನೆಗೆ ಮೀಸಲಿಡಿ. ಅದು ಸಾಲದು. ಪ್ರಶ್ನೆ ಬಂದ ಕೂಡಲೇ, ಅದೇ ಬೆಳೆಗೆ ಹಿಂದೆ ಒಳ್ಳೆಯ ಉತ್ತರ ಕೊಟ್ಟ ಎಂಟು ಮಂದಿಯನ್ನು ಆರಿಸಿ, ಮೂವರಿಗೆ ಮೊದಲು ಸೂಚನೆ ಕಳಿಸಿ, 20 ನಿಮಿಷದಲ್ಲಿ ಉತ್ತರ ಬರದಿದ್ದರೆ ಮುಂದಿನ ಮೂವರಿಗೆ, ಆಮೇಲೆ ಉಳಿದಿಬ್ಬರಿಗೆ. ಎಂಟೂ ಮಂದಿಗೆ ಒಮ್ಮೆಲೇ ಕಳಿಸಿದರೆ ‘ಬೇರೆ ಯಾರರ ಹೇಳ್ತಾರ ಬಿಡು’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಒಬ್ಬರಿಗೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಪ್ರಶ್ನೆ ಹೋಗದಂತೆ ಮಿತಿ ಹಾಕಿ. ಇಲ್ಲದಿದ್ದರೆ ನಿಮ್ಮ ಅತ್ಯುತ್ತಮ ಹತ್ತು ಮಂದಿ ಮೊದಲು ಬೇಸತ್ತು ಹೋಗುತ್ತಾರೆ.

ಇನ್ನು ಶೀರ್ಷಿಕೆಯ ಮಾತಿಗೆ ಬರೋಣ. ಯಾರಿಗೆ ಯಾವ ಪೋಸ್ಟ್ ಹೊಂದುತ್ತದೆಂದು ತಿಳಿಯಲು ದೊಡ್ಡ ಕಂಪನಿಗಳು ಒಬ್ಬೊಬ್ಬರ ನಡೆಯ ಸಾವಿರಾರು ಸಂಕೇತ ಕೂಡಿಹಾಕುತ್ತವೆ. ನಿಮ್ಮ ಬಳಕೆದಾರ ಒಂದೇ ಅಂಕಿಯಲ್ಲಿ ಅದನ್ನು ಹೇಳಬಲ್ಲ. ದ್ರಾಕ್ಷಿ ಬೆಳೆಗಾರರು ಕ್ಯಾಲೆಂಡರ್ ಹಿಡಿದು ಮಾತಾಡುವುದಿಲ್ಲ, ‘ಚಾಟ್ನಿ ಆಗಿ ಎಷ್ಟು ದಿನ ಆತು’ ಎಂದೇ ಕೇಳುತ್ತಾರೆ. ಹತ್ತು–ಹನ್ನೆರಡು ದಿನಕ್ಕೆ ಕಣ್ಣು ಒಡೆಯುವುದು, ನಲವತ್ತರ ಆಸುಪಾಸಿನಲ್ಲಿ ಹೂ, ಆ ನಡುವೆ ಮಳೆ ಹಿಡಿದರೆ ಡೌನಿ ಎಂಬ ಬೂಷ್ಟು ರೋಗದ ಭಯ, ಎಲ್ಲವೂ ಆ ಎಣಿಕೆಯ ಮೇಲೇ ನಡೆಯುತ್ತದೆ. ಅಥಣಿಯಲ್ಲಿ ಅಕ್ಟೋಬರ್ 1ಕ್ಕೆ ಚಾಟ್ನಿ ಮಾಡಿದವನಿಗೆ ಈಗ ಆಗುತ್ತಿರುವುದು ತಿಕೋಟಾದಲ್ಲಿ 12ಕ್ಕೆ ಮಾಡಿದವನಿಗೆ ಹನ್ನೊಂದು ದಿನದ ಮೇಲೆ ಆಗಲಿದೆ. ಪಕ್ಕದ ಹೊಲದವನ ಇವತ್ತಿನ ಪೋಸ್ಟಿಗಿಂತ ಅವನಿಗೆ ಬೇಕಾದದ್ದು ಅಥಣಿಯ ಹನ್ನೊಂದು ದಿನದ ಹಿಂದಿನ ಪೋಸ್ಟ್.

ಆದ್ದರಿಂದ ಪ್ಲಾಟ್ ಪ್ಲಾಟಿಗೂ ಚಾಟ್ನಿ ತಾರೀಖು ಇಟ್ಟುಕೊಳ್ಳಿ. ಒಬ್ಬನಿಗೆ ಎರಡು ಪ್ಲಾಟ್, ಎರಡು ತಾರೀಖು ಇರುವುದು ಸಾಮಾನ್ಯ. ಪೋಸ್ಟ್ ಬರೆದಾಗ ಬರೆದವನ ದಿನ ಎಷ್ಟು, ಓದುವವನ ದಿನ ಎಷ್ಟು ಎಂದು ಕಳೆಯಿರಿ. ಮೂರು ದಿನದೊಳಗಿನ ಅಂತರವಿದ್ದರೆ ಅಂಕ ಪೂರ್ತಿ, ಏಳು ದಿನಕ್ಕೆ ಅರ್ಧ, ಹದಿನೈದು ದಾಟಿದರೆ ಸೊನ್ನೆ. ಇಂಥ ಪೋಸ್ಟುಗಳಿಗೆ ಮೇಲಿನ ವಯಸ್ಸಿನ ಭಾಗಾಕಾರ ಬಿಡಿ. ಹೋದ ವರ್ಷದ್ದೂ ಚಾಲ್ತಿಯೇ. ಏಪ್ರಿಲ್ ಚಾಟ್ನಿ ಬೇರೆ, ಅಕ್ಟೋಬರ್ ಚಾಟ್ನಿ ಬೇರೆ, ಎರಡನ್ನೂ ಕಲಸಬೇಡಿ. ದಾಳಿಂಬೆಗೆ ಚಾಟ್ನಿಯ ಬದಲು ಬಹಾರ್ (ಹೂ ಬಿಡಿಸುವ ಹಂಗಾಮು) ಕೇಳಿ: ಹಸ್ತ, ಅಂಬೆ, ಮೃಗ ಯಾವುದು, ನೀರು ಬಿಟ್ಟದ್ದು ಯಾವಾಗ. ಇದನ್ನೆಲ್ಲ ಇನ್‌ಸ್ಟಾಲ್ ಮಾಡಿದ ಕೂಡಲೇ ಕೇಳಿದರೆ ಅರ್ಧ ಮಂದಿ ಅಲ್ಲೇ ಮುಚ್ಚುತ್ತಾರೆ. ಮೊದಲ ಪ್ರಶ್ನೆ ಹಾಕುವಾಗ ‘ಚಾಟ್ನಿ ಯಾವತ್ತು ಮಾಡಿದ್ರಿ?’ ಎಂದು ಒಂದೇ ಸಾಲು ಕೇಳಿ. ಉತ್ತರ ಬೇಕಾದವನು ತಾನಾಗಿ ಹೇಳುತ್ತಾನೆ.

ಹೊಸ ಪೋಸ್ಟಿಗೂ ಒಂದು ಅವಕಾಶ ಬೇಕಲ್ಲ, ಅದಕ್ಕೆ ಥಾಂಪ್ಸನ್ ಸ್ಯಾಂಪ್ಲಿಂಗ್ ಎಂಬ ವಿಧಾನವಿದೆ. (ನಿಮ್ಮ ತೋಟದ ಥಾಂಪ್ಸನ್ ಸೀಡ್‌ಲೆಸ್ ದ್ರಾಕ್ಷಿ ಕ್ಯಾಲಿಫೋರ್ನಿಯಾದ ಬೆಳೆಗಾರ ವಿಲಿಯಂ ಥಾಂಪ್ಸನ್ ಹೆಸರಿನದು, ಇದು 1933ರಲ್ಲಿ ಬರೆದ ಇನ್ನೊಬ್ಬ ವಿಲಿಯಂ ಥಾಂಪ್ಸನ್‌ದು. ಸಂಬಂಧವಿಲ್ಲ.) ಪ್ರತಿ ಪೋಸ್ಟಿಗೆ ಎರಡು ಎಣಿಕೆ ಇಡಿ: ಕಂಡವರಲ್ಲಿ ಉಪಯೋಗ ಎಂದವರು, ಸುಮ್ಮನೆ ದಾಟಿದವರು. ಎರಡಕ್ಕೂ ಒಂದೊಂದು ಕೂಡಿಸಿ, ಆ ಜೋಡಿಯ ಬೀಟಾ ಹಂಚಿಕೆಯಿಂದ (ಸೊನ್ನೆಯಿಂದ ಒಂದರ ನಡುವಿನ ಯಾವ ಸಂಖ್ಯೆ ಎಷ್ಟು ಸಂಭವ ಎಂದು ಹೇಳುವ ಗಣಿತ) ಒಂದು ಯಾದೃಚ್ಛಿಕ ಸಂಖ್ಯೆ ಎತ್ತಿ, ದೊಡ್ಡದು ಬಂದದ್ದನ್ನು ತೋರಿಸಿ. ಹೊಸ ಪೋಸ್ಟಿನ ಸಂಖ್ಯೆ ಬಹಳ ಹೊಯ್ದಾಡುವುದರಿಂದ ಆಗಾಗ ಮೇಲೆ ಬರುತ್ತದೆ. ಎಣಿಕೆ ಬೆಳೆದಂತೆ ಹೊಯ್ದಾಟ ತಾನಾಗಿ ನಿಲ್ಲುತ್ತದೆ. ಹತ್ತರಲ್ಲಿ ಒಂದು ಜಾಗವನ್ನು ಇದಕ್ಕೆ ಬಿಟ್ಟರೆ ಸಾಕು.

ಒಂದೇ ಪ್ರಶ್ನೆಗೆ ಬಂದ ಉತ್ತರಗಳನ್ನು ಜೋಡಿಸಲು ಮಾತ್ರ ಇದನ್ನು ಬಳಸಬೇಡಿ. ಅಲ್ಲಿ ಜೂಜು ಬೇಡ, ಔಷಧದ ಪ್ರಮಾಣದ ಮಾತು ಅದು. ಚರ್ಚೆಯ ಜಾಲತಾಣ ರೆಡಿಟ್ ಕಾಮೆಂಟುಗಳಿಗೆ ಬಳಸಿದ ವಿಲ್ಸನ್ ಅಂಕದ ಕೆಳಗಡಿ (ಬಂದ ಮತಗಳಷ್ಟರಿಂದ ಮೆಚ್ಚುಗೆ ಕಡೇಪಕ್ಷ ಎಷ್ಟಿರಬಹುದೆಂಬ ಅಂದಾಜು) ಸರಿಹೋಗುತ್ತದೆ. ಶೇ 95 ಭರವಸೆಯಲ್ಲಿ ಲೆಕ್ಕ ಹಾಕಿದರೆ ಒಂದಕ್ಕೆ ಒಂದು ಮೆಚ್ಚುಗೆ ಬಂದ ಉತ್ತರಕ್ಕೆ 0.21, ಹತ್ತಕ್ಕೆ ಹತ್ತು ಬಂದದ್ದಕ್ಕೆ 0.72, ನೂರಕ್ಕೆ ತೊಂಬತ್ತು ಬಂದದ್ದಕ್ಕೆ 0.83. ಒಂದೇ ಮತದಿಂದ ‘ಶೇ 100’ ಎಂದು ಮೆರೆಯುವ ಉತ್ತರ ಮೇಲೇರುವುದಿಲ್ಲ. ಔಷಧದಂಗಡಿಯವರು ತಮ್ಮದೇ ನಾಲ್ಕು ಖಾತೆಯಿಂದ ಮೆಚ್ಚಿಸಿಕೊಳ್ಳುವುದು ಖಂಡಿತ ನಡೆಯುತ್ತದೆ. ಒಂದೇ ಫೋನಿನಿಂದ ಬಂದ ಮತಗಳನ್ನು ಒಂದಾಗಿ ಎಣಿಸಿ, ಖಾತೆ ತೆರೆದ ಏಳು ದಿನದವರೆಗೆ ಮತಕ್ಕೆ ತೂಕ ಕೊಡಬೇಡಿ.

ಇಷ್ಟಾದರೂ ಮತದಿಂದ ಸತ್ಯ ನಿರ್ಧಾರ ಆಗುವುದಿಲ್ಲ. ತಪ್ಪು ಪ್ರಮಾಣದ ಸಲಹೆಯೊಂದು ಇನ್ನೂರು ಮೆಚ್ಚುಗೆ ಪಡೆದರೆ ಇನ್ನೂರು ತೋಟದಲ್ಲಿ ಎಲೆ ಸುಡುತ್ತದೆ, ಕಟಾವಿಗೆ ಹತ್ತಿರ ಹೊಡೆದರೆ ಹಣ್ಣಿನಲ್ಲಿ ಔಷಧದ ಅಂಶ ಉಳಿದು ಸರಕು ವಾಪಸ್ ಬರುತ್ತದೆ. ಉತ್ತರದಲ್ಲಿ ಔಷಧದ ಹೆಸರು, ಗ್ರಾಂ ಅಥವಾ ಮಿಲಿ ಕಂಡರೆ ಅದನ್ನು ಪ್ರತ್ಯೇಕ ಸಾಲಿಗೆ ಹಾಕಿ, ತಿಳಿದವರೊಬ್ಬರು ನೋಡುವವರೆಗೆ ಸೂಚನೆಯಲ್ಲಿ ಕಳಿಸಬೇಡಿ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರಗಳು ನಿಮ್ಮ ಸುತ್ತಲೇ ಇವೆ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಬೆಳೆಗಾರರಿಗೆ ಸಲಹೆಗಳನ್ನು ಪ್ರಕಟಿಸುತ್ತದೆ. ಅವುಗಳ ಜೊತೆ ತಾಳೆ ನೋಡುವ ಒಬ್ಬ ಮನುಷ್ಯನಿಗೆ ಸಂಬಳ ಕೊಡುವುದು ನರಜಾಲಕ್ಕೆ ಸರ್ವರ್ ಬಾಡಿಗೆ ಕೊಡುವುದಕ್ಕಿಂತ ಮೇಲು.

ನೋಟಿಫಿಕೇಶನ್ ವಿಷಯ ಚಿಕ್ಕದು, ಹಾಳುಮಾಡಿಕೊಳ್ಳುವುದು ಸುಲಭ. ಆಂಡ್ರಾಯ್ಡ್ 13ರಿಂದ ಅನುಮತಿ ಕೇಳಲೇಬೇಕು. ಎರಡು ಸಲ ಬೇಡವೆಂದರೆ ಮತ್ತೆ ಕೇಳುವ ಪೆಟ್ಟಿಗೆಯೇ ತೆರೆಯದು. ಆದ್ದರಿಂದ ಆ್ಯಪ್ ತೆರೆದ ಕೂಡಲೇ ಕೇಳಬೇಡಿ, ಮೊದಲ ಪ್ರಶ್ನೆ ಕಳಿಸಿದ ಮೇಲೆ ‘ಉತ್ತರ ಬಂದ್ರ ತಿಳಿಸೂಣೇನ್ರಿ?’ ಎಂದು ಕೇಳಿ. ತನ್ನ ಪ್ರಶ್ನೆಗೆ ಬಂದ ಉತ್ತರಕ್ಕೆ ಮಿತಿ ಬೇಡ. ಉಳಿದದ್ದೆಲ್ಲ ಸೇರಿ ವಾರಕ್ಕೆ ಮೂರು. ಹೊತ್ತನ್ನು ನೀವು ಊಹಿಸಬೇಡಿ: ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಪಾಳಿಯ ಮೇಲೆ ಬರುವುದರಿಂದ ಕೆಲವರು ರಾತ್ರಿ ಎರಡಕ್ಕೂ ಎದ್ದಿರುತ್ತಾರೆ. ಒಬ್ಬೊಬ್ಬರೂ ತೆರೆಯುವ ತಾಸುಗಳನ್ನು 24 ಡಬ್ಬಿಗಳಲ್ಲಿ ಎಣಿಸಿ, ತುಂಬಿದ ಡಬ್ಬಿಗೆ ಸ್ವಲ್ಪ ಮುಂಚೆ ಕಳಿಸಿ. ಕೆಲವು ಕಂಪನಿಗಳ ಫೋನುಗಳು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪ್‌ಗಳನ್ನು ಕೊಲ್ಲುತ್ತವೆ. ‘ನೋಟಿಫಿಕೇಶನ್ ಬರವಲ್ದು’ ಎಂಬ ದೂರು ಬಂದರೆ ಮೊದಲು ಅದನ್ನು ನೋಡಿ.

ಹುಡುಕಾಟವನ್ನೂ ಮರೆಯಬೇಡಿ. ದಾಳಿಂಬೆ, ಡಾಳಿಂಬ, ಡಾಳಿಂಬ್ರಿ ಎಂದು ಒಂದೇ ಹಣ್ಣನ್ನು ಮೂರು ಥರ ಬರೆಯುತ್ತಾರೆ; ರೋಗಕ್ಕೆ ಒಬ್ಬರು ಅಂಗಮಾರಿ ಎಂದರೆ ಮರಾಠಿ ಬಲ್ಲವರು ತೇಲ್ಯಾ ಎನ್ನುತ್ತಾರೆ; ಮೂರನೆಯವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪಿಸುತ್ತಾರೆ. ಇನ್ನೂರು ಪದಗಳ ಸಮಾನಾರ್ಥಕ ಪಟ್ಟಿಯನ್ನು ಕೈಯಲ್ಲೇ ಮಾಡಿ. ಕಣ್ಣಿಗೆ ಕಾಣದ ಜೋಡಕ್ಷರದ ಗುರುತುಗಳನ್ನು ಹುಡುಕುವ ಮುಂಚೆ ತೆಗೆದುಹಾಕಿ; ಅವಿದ್ದರೆ ಎರಡು ಒಂದೇ ಪದಗಳು ಕಂಪ್ಯೂಟರಿಗೆ ಬೇರೆ ಬೇರೆ.

ಬದಲಾವಣೆ ಫಲ ಕೊಟ್ಟಿತೇ ಎಂದು ತಿಳಿಯುವುದು ನಿಮ್ಮ ಗಾತ್ರದಲ್ಲಿ ಕಷ್ಟ. ಮರಳಿ ಬರುವವರು ಶೇ 20 ಇದ್ದು ಅದು 22 ಆಯಿತೆಂದು ಎ/ಬಿ ಟೆಸ್ಟಿನಲ್ಲಿ (ಒಂದು ಗುಂಪಿಗೆ ಹಳೆಯದು, ಇನ್ನೊಂದಕ್ಕೆ ಹೊಸದು ತೋರಿಸಿ ಹೋಲಿಸುವುದು) ಸಾಬೀತು ಮಾಡಲು ಒಂದೊಂದು ಗುಂಪಿನಲ್ಲಿ ಸುಮಾರು 6,400 ಮಂದಿ ಬೇಕು. ನಿಮ್ಮಲ್ಲಿ ಒಟ್ಟಿಗೇ ಅಷ್ಟಿಲ್ಲ. 20ರಿಂದ 25 ಆದರೆ ಸುಮಾರು 1,024 ಸಾಕು. ಅಂದರೆ ಬಟನ್ನಿನ ಬಣ್ಣದಂಥ ಸಣ್ಣ ಪರೀಕ್ಷೆ ಬಿಡಿ, ದೊಡ್ಡ ಪರಿಣಾಮ ಬೀರುವಂಥದನ್ನೇ ಪರೀಕ್ಷಿಸಿ. ಜನರನ್ನು ಒಬ್ಬೊಬ್ಬರಾಗಿ ಹಂಚಿದರೆ ಇನ್ನೊಂದು ಮೋಸ: ಹೊಸ ಸೂತ್ರದ ಗುಂಪಿನವನು ಹಳೆಯ ಗುಂಪಿನವನ ಪ್ರಶ್ನೆಗೆ ಉತ್ತರ ಕೊಡುತ್ತಾನೆ, ಇಬ್ಬರಿಗೂ ಲಾಭ, ವ್ಯತ್ಯಾಸ ಕಾಣದು. ತಾಲ್ಲೂಕು ಹಿಡಿದು ಹಂಚಿ, ವಾರ ವಾರಕ್ಕೆ ಅದಲುಬದಲು ಮಾಡಿ: ಈ ವಾರ ಅಥಣಿ, ತಿಕೋಟಾಕ್ಕೆ ಹೊಸದು, ಮುಂದಿನ ವಾರ ಜಮಖಂಡಿ, ಬಬಲೇಶ್ವರಕ್ಕೆ. ಹೀಗೆ ಎಂಟು ವಾರ. ಮಳೆ ಬಂದ ವಾರ ಎಲ್ಲ ಕಡೆ ಬಳಕೆ ಏರುತ್ತದೆ. ಅದಲುಬದಲು ಇಲ್ಲದಿದ್ದರೆ ಮೋಡದ ಕೆಲಸವನ್ನು ನಿಮ್ಮ ಸೂತ್ರದ ಖಾತೆಗೆ ಬರೆದುಕೊಳ್ಳುತ್ತೀರಿ.

ಕಾನೂನಿನ ಎರಡು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18ರೊಳಗಿನವರ ನಡವಳಿಕೆ ಹಿಂಬಾಲಿಸುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ತಡೆಯುತ್ತದೆ. ಖಾತೆ ಅಪ್ಪನದಾದರೂ ಟೈಪ್ ಮಾಡುವವನು ಹೈಸ್ಕೂಲ್ ಮಗ ಆಗಿರುವುದು ಸಾಮಾನ್ಯ, ಆದ್ದರಿಂದ ಬೆಳೆ, ದಿನ, ತಾಲ್ಲೂಕು ಬಿಟ್ಟು ಬೇರೇನೂ ಕೂಡಿಹಾಕದಿರುವುದು ಕ್ಷೇಮ. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಗ್ರಾಹಕ ರಕ್ಷಣೆಯ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿದೆ. ಪೀಡಿಸಿ ಪೀಡಿಸಿ ಕೇಳುವುದೂ ಅದರಲ್ಲೊಂದು.

ಕೆಲಸದ ಸರದಿ ಹೀಗಿರಲಿ: ಎರಡು ವಾರ ‘ಕಂಡಿತು’ ದಾಖಲೆ ಮಾತ್ರ, ಜೋಡಣೆ ಮುಟ್ಟಬೇಡಿ. ಆಮೇಲೆ ಉತ್ತರವಿಲ್ಲದ ಪ್ರಶ್ನೆಗಳನ್ನು ಎಂಟು ಮಂದಿಗೆ ಕಳಿಸುವ ಏರ್ಪಾಡು, ಅದಾದ ಮೇಲೆ ಚಾಟ್ನಿ ದಿನ, ಕೊನೆಗೆ ತೂಕಗಳು. ಏಪ್ರಿಲ್ ಚಾಟ್ನಿಯ ನಂತರದ ತಿಂಗಳುಗಳಲ್ಲಿ ಇದೆಲ್ಲ ಮುಗಿಯಬೇಕು. ಸೆಪ್ಟೆಂಬರ್ 20ರ ಮೇಲೆ ಸೂತ್ರಕ್ಕೆ ಯಾರೂ ಕೈಹಚ್ಚಬೇಡಿ. ಆಗ ಬರುವ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ನಿಮ್ಮ ಮೂವರಿಗೂ ಸಾಕಷ್ಟು ಕೆಲಸ.